ಬಿಳಿ ಉಳಿಸೋಕೆ ಯಾವುದು ವಾಸಿ: ಮಾಸ್ಕಿಂಗ್ ಫ್ಲೂಯಿಡ್, ಮೇಣದಬತ್ತಿ, ಬಿಳಿ ಗ್ವಾಶ್

ಜಲವರ್ಣದಲ್ಲಿ ಕಾಗದದ ಬಿಳಿಯೇ ನಮ್ಮ ಬಿಳಿ. ಚಿತ್ರದುರ್ಗದ ಕೋಟೆ ಮೇಲೆ ಕೂತು ಸುತ್ತಲಿನ ಗುಡ್ಡಸಾಲು ಬರೆಯೋರಿಗೆ ಇದರ ಕಷ್ಟ ಗೊತ್ತು. ಆಕಾಶ ಒಂದೇ ವಾಶ್‌ನಲ್ಲಿ (ನೀರು ಬೆರೆಸಿದ ಬಣ್ಣದ ತೆಳು ಪದರದಲ್ಲಿ) ಹರಿಯಬೇಕು, ನಡುವೆ ಗಾಳಿ ಫ್ಯಾನುಗಳ ತೆಳು ರೆಕ್ಕೆ ಬೆಳ್ಳಗೇ ಉಳಿಯಬೇಕು. ಮಾಸ್ಕಿಂಗ್ ಫ್ಲೂಯಿಡ್ ಅಂದರೆ ಬೆಳ್ಳಗೆ ಉಳಿಯಬೇಕಾದ ಕಡೆ ಮೊದಲೇ ಹಚ್ಚಿ, ಬಣ್ಣ ಒಣಗಿದ ಮೇಲೆ ಉಜ್ಜಿ ತೆಗೆಯುವ ಲ್ಯಾಟೆಕ್ಸ್ (ರಬ್ಬರ್ ಹಾಲಿನ) ದ್ರವ. ಈ ಕೆಲಸಕ್ಕೆ ನನ್ನ ಆಯ್ಕೆ ಬಣ್ಣ ಬೆರೆಸಿದ ಮಾಸ್ಕಿಂಗ್ ಫ್ಲೂಯಿಡ್. ಬಣ್ಣವಿಲ್ಲದ್ದನ್ನು ಇನ್ನು ಕೊಳ್ಳಲ್ಲ.

ಮೊದಲು ತಂದದ್ದು ಅದೇ. ಒಣಗಿದ ಮೇಲೆ ಕಣ್ಣಿಗೇ ಕಾಣಲ್ಲ. ಬಯಲಲ್ಲಿ ಕಾಗದದ ಬೆಳಕಿಗೆ ಕಣ್ಣು ಕೋರೈಸುವಾಗ ಎಲ್ಲಿ ಹಚ್ಚಿದ್ದೇನೆ, ಎಲ್ಲಿ ಬಿಟ್ಟಿದ್ದೇನೆ ಅಂತ ಹಲಗೆ ಓರೆ ಮಾಡಿ ಹೊಳಪು ಹುಡುಕಬೇಕು. ರೆಕ್ಕೆಯ ತುದಿಯಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ನೀಲಿ ನುಗ್ಗಿ ಗೆರೆ ತುಂಡಾಗುತ್ತೆ. ತೆಗೆಯುವಾಗಲೂ ಅದೇ ಕಾಟ. ಉಳಿದ ಚೂರು ಕಾಣಲ್ಲ, ಮುಂದಿನ ವಾಶ್ ಹಾಕಿದಾಗ ಅಲ್ಲಿ ಬಣ್ಣ ಹಿಡಿಯದೆ ಚುಕ್ಕಿ ಏಳುತ್ತೆ.

ನೀಲಿ-ಬೂದು ಬಣ್ಣದ ಪೆಬಿಯೋ ಡ್ರಾಯಿಂಗ್ ಗಮ್ ಅನ್ನೋ ಮಾಸ್ಕಿಂಗ್ ಫ್ಲೂಯಿಡ್ ತಂದ ಮೇಲೆ ಹುಡುಕಾಟ ನಿಂತಿತು. ಹಚ್ಚಿದ್ದೂ ಕಾಣುತ್ತೆ, ಉಜ್ಜಿದ ಮೇಲೆ ಉಳಿದದ್ದೂ ಕಾಣುತ್ತೆ. ಎರಡೂ ಲ್ಯಾಟೆಕ್ಸೇ ಆದ್ದರಿಂದ ಮಿಕ್ಕ ಎಚ್ಚರಿಕೆಗಳು ಎರಡಕ್ಕೂ ಒಂದೇ ಥರ. ಬಾಟಲಿ ಕುಲುಕಿದರೆ ಗುಳ್ಳೆ ಬಂದು ಸಣ್ಣ ತೂತುಗಳಾಗುತ್ತವೆ. ಕುಂಚಕ್ಕೆ ಮೊದಲೇ ಸೋಪು ಸವರದಿದ್ದರೆ ಕೂದಲೆಲ್ಲ ಅಂಟಿ ಕುಂಚವೇ ಹೋಗುತ್ತೆ. ರೆಕ್ಕೆಗಳಿಗೆ ನಾನು ಮಸಿಯಲ್ಲಿ ಅದ್ದಿ ಬರೆಯುವ ನಿಬ್ಬನ್ನೇ ಬಳಸೋದು. ದುರ್ಗದ ಬಿಸಿಲು ಮಾತ್ರ ಎರಡಕ್ಕೂ ಆಗಿಬರಲ್ಲ: ಕಾವು ತಗುಲಿದರೆ ಲ್ಯಾಟೆಕ್ಸ್ ಕಾಗದದ ನಾರಿಗೆ ಕಚ್ಚಿಕೊಂಡು, ಎಳೆದಾಗ ಮೇಲ್ಪದರವೇ ಕಿತ್ತು ಬರುತ್ತೆ. ನೆರಳಲ್ಲಿ ಒಣಗಿಸಿ, ಅದೇ ದಿನ ತೆಗೆಯಿರಿ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿ ಕಾಗದ ತಡೆದುಕೊಳ್ಳುತ್ತೆ. ಮೆದು ಹ್ಯಾಂಡ್‌ಮೇಡ್ ಕಾಗದವಾದರೆ ಮೂಲೆಯಲ್ಲಿ ಹಚ್ಚಿ ನೋಡಿಯೇ ಮುಂದುವರಿಯಿರಿ.

ಬಂಡೆಗೆ ಮೇಣದಬತ್ತಿಯಷ್ಟು ಚೆಂದ ಯಾವುದೂ ಇಲ್ಲ. ಒರಟು ಕಾಗದದ ಮೇಲೆ ಅಡ್ಡ ಹಿಡಿದು ಎಳೆದರೆ ಮೇಣ ಉಬ್ಬಿಗೆ ಮಾತ್ರ ಹತ್ತುತ್ತೆ, ಬಣ್ಣ ತಗ್ಗಿಗಿಳಿಯುತ್ತೆ. ಕೋಟೆಯ ಗುಂಡುಕಲ್ಲುಗಳ ತರಿತರಿ ಮೈ ಹಾಗೇ ಬರುತ್ತೆ. ಆದರೆ ಹಚ್ಚಿದ ಮೇಲೆ ತೆಗೆಯೋಕಾಗಲ್ಲ, ತೆಳುಗೆರೆಯೂ ಬರಲ್ಲ.

ಬಿಳಿ ಗ್ವಾಶ್, ಅಂದರೆ ತಳ ಮುಚ್ಚುವ ಗಟ್ಟಿ ಜಲವರ್ಣ, ನೀಲಿಯ ಮೇಲೆ ಸುಣ್ಣ ಬಳಿದ ಹಾಗೆ ಕಾಣುತ್ತೆ. ದೂರದ ಹಕ್ಕಿಗಳಿಗೆ ಸಾಕು.

ನಾನು ಬರೆಯೋದು ಭಾನುವಾರ ಮಾತ್ರ. ಮಾಸ್ಕಿಂಗ್ ಫ್ಲೂಯಿಡ್‌ನ ತೆರೆದ ಬಾಟಲಿ ಕ್ರಮೇಣ ಗಟ್ಟಿಯಾಗೋದರಿಂದ 45 ಮಿ.ಲೀ.ಗಿಂತ ದೊಡ್ಡದು ನನಗೆ ದುಡ್ಡು ದಂಡ. ಕೈ ಬಿಗಿಯಿದ್ದ ತಿಂಗಳು ಫ್ಯಾನುಗಳನ್ನು ಮುಂದಕ್ಕೆ ಹಾಕಿ ಬಂಡೆ ಬರೀತೀನಿ. ಮೇಣದಬತ್ತಿ ಬೀದಿ ಕೊನೆಯ ಕಿರಾಣಿ ಅಂಗಡಿಯಲ್ಲೇ ಸಿಗುತ್ತೆ.