ಎಂಟು ಕೋಳಿ ಹಿಡಿಯತ್ತೆ ಅನ್ನೋ ರೆಡಿಮೇಡ್ ಗೂಡು: ಪೆಟ್ಟಿಗೆ ಗಟ್ಟಿ, ಅಡ್ಡಪಟ್ಟಿ ಮಾತ್ರ ಬದಲಾಯಿಸ್ಲೇಬೇಕು

ಮೊದಲೇ ಹೇಳ್ಬಿಡ್ತೀನಿ, 5ಕ್ಕೆ 3 ಸ್ಟಾರ್. ಆ 3 ಪೂರ್ತಿ ಪೆಟ್ಟಿಗೆಗೆ, ಕಳೆದಿರೋ 2 ಪೂರ್ತಿ ಒಳಗೆ ಕೋಳಿ ಕೂತು ಮಲಗೋ ಅಡ್ಡಪಟ್ಟಿಗೆ. ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕೋರಿಗೆ ಅಂತ ಬಿಡಿ ಹಲಗೆಗಳಾಗಿ ಪ್ಯಾಕ್ ಮಾಡಿ ಕಳಿಸ್ತಾರಲ್ಲ, ನಾವೇ ಸ್ಕ್ರೂ ಹಾಕಿ ಜೋಡಿಸ್ಕೊಳ್ಳೋ ಮರದ ಗೂಡು, ಅದು. ಒಳಗಡೆ ಉದ್ದ 90 ಸೆಂ.ಮೀ., ಅಗಲ 60, ಎತ್ತರ 90, ಒಂದು ಬದಿಗೆ ಮೊಟ್ಟೆ ಇಡೋ ಪೆಟ್ಟಿಗೆ ಹೊರಗೆ ಚಾಚ್ಕೊಂಡಿದೆ. ಇದೇ ನಮೂನೆ ಗೂಡು ಹಲವು ಹೆಸರಲ್ಲಿ ಬರತ್ತೆ, ಅದಕ್ಕೇ ಹೆಸರು ಬರೀತಿಲ್ಲ, ಯಾವ ಹೆಸರಿಂದು ತಗೊಂಡ್ರೂ ಕೆಳಗಿರೋ ವಿಷಯ ಉಪಯೋಗಕ್ಕೆ ಬರತ್ತೆ.

ಗೂಡಿನ ಪೆಟ್ಟಿಗೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ಹಲಗೆ ಗಟ್ಟಿ ಇದೆ, ಬಾಗಿಲ ಚಿಲಕ ಬಿಗಿಯಾಗಿ ಕೂರತ್ತೆ, ಜಾಲರಿ ಕಣ್ಣು ಸಣ್ಣದು, ಇಲಿ ಹಾವು ನುಗ್ಗೋ ಹಾಗಿಲ್ಲ. ಗಾಳಿ ಕಿಂಡಿ ಚಾವಣಿ ಹತ್ರ ಮೇಲ್ಗಡೆ ಇಟ್ಟಿದಾರೆ, ಇದು ಒಳ್ಳೇ ಕೆಲಸ, ಮಲಗಿರೋ ಕೋಳಿಗೆ ಗಾಳಿ ನೇರವಾಗಿ ಹೊಡೀಬಾರ್ದು, ಆದ್ರೆ ಒಳಗಿನ ತೇವ, ಹಿಕ್ಕೆಯ ಅಮೋನಿಯಾ ವಾಸನೆ ಮೇಲಿಂದ ಹೊರಗೆ ಹೋಗ್ಬೇಕು. ತಳದಲ್ಲಿ ಎಳ್ಕೊಂಡು ತೆಗಿಯೋ ಟ್ರೇ ಇದೆ, ಅದಂತೂ ತುಂಬಾ ಇಷ್ಟ ಆಯ್ತು. ಕೋಳಿ ಹಾಕೋ ಹಿಕ್ಕೆಯಲ್ಲಿ ದೊಡ್ಡ ಪಾಲು ರಾತ್ರಿ ಕೂತಲ್ಲೇ ಬೀಳತ್ತೆ, ಬೆಳಿಗ್ಗೆ ಟ್ರೇ ಎಳೆದು ಕೆರೆದು ಹಾಕಿದ್ರೆ ಗೂಡಿನ ಮುಕ್ಕಾಲು ಕ್ಲೀನಿಂಗ್ ಮುಗೀತು.

ಈಗ ಅಡ್ಡಪಟ್ಟಿ ವಿಷಯಕ್ಕೆ ಬರೋಣ. ಕೋಳಿ ಗೂಡನ್ನ ನೋಡ್ಬೇಕಾದ್ದು ಹಗಲಲ್ಲಿ ಅಲ್ಲ, ಸಂಜೆ ಬೆಳಕು ಇಳೀವಾಗ. ಆಗ ಒಂದೊಂದೇ ಒಳಗೆ ಹೋಗಿ ಎಲ್ಲಿ ಕೂರ್ತವೆ ಅನ್ನೋದ್ರಲ್ಲೇ ಗೂಡಿನ ಬಂಡವಾಳ ಗೊತ್ತಾಗತ್ತೆ. ಇದ್ರಲ್ಲಿ ಕಂಪನಿಯವರು ಎರಡು ಪ್ಲಾಸ್ಟಿಕ್ ಪೈಪ್ ಕೊಟ್ಟಿದಾರೆ, ದಪ್ಪ ಎರಡೂವರೆ ಸೆಂ.ಮೀ., ನುಣುಪು, ತಳದಿಂದ 25 ಸೆಂ.ಮೀ. ಎತ್ತರಕ್ಕೆ ಎರಡೂ ಒಂದೇ ಮಟ್ಟದಲ್ಲಿ. ಮೊಟ್ಟೆ ಪೆಟ್ಟಿಗೆಯ ತಳ ಇರೋದು 30 ಸೆಂ.ಮೀ. ಎತ್ತರದಲ್ಲಿ. ಅಂದ್ರೆ ಮಲಗೋ ಜಾಗಕ್ಕಿಂತ ಮೊಟ್ಟೆ ಇಡೋ ಜಾಗ ಮೇಲಿದೆ. ಇಷ್ಟು ಸಾಕು, ಬೇರೇನೂ ಬೇಡ, ಕೋಳಿಗಳೆಲ್ಲ ಹೋಗಿ ಮೊಟ್ಟೆ ಪೆಟ್ಟಿಗೆ ಒಳಗೇ ಒತ್ತೊತ್ತಾಗಿ ಮಲಗಿದ್ವು.

ಇದು ಕೋಳಿಯ ಹಠ ಅಲ್ಲ, ಅದರ ರಕ್ತದಲ್ಲೇ ಇರೋದು. ಸಾಕು ಕೋಳಿಯ ಮೂಲ ಕೆಂಪು ಕಾಡುಕೋಳಿ, ಅದು ರಾತ್ರಿ ಮರದ ಕೊಂಬೆ ಮೇಲೆ ಕೂತು ಮಲಗತ್ತೆ, ಯಾಕಂದ್ರೆ ಕೋಳಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣ್ಸಲ್ಲ, ನೆಲದಲ್ಲಿ ಮಲಗಿದ್ರೆ ಬೇಟೆ ಪ್ರಾಣಿ ಬಾಯಿಗೆ ಬಿದ್ದ ಹಾಗೇನೇ. ಎಷ್ಟೇ ಭದ್ರ ಪೆಟ್ಟಿಗೆ ಒಳಗಿದ್ರೂ ಸಂಜೆ ಆದ ತಕ್ಷಣ ಕೈಗೆಟುಕೋದ್ರಲ್ಲಿ ಅತಿ ಎತ್ತರದ ಜಾಗ ಎಲ್ಲಿದೆ ಅಂತ ಹುಡುಕ್ತವೆ, ಅದಕ್ಕಾಗಿ ಜಗಳಾನೂ ಆಡ್ತವೆ, ಗುಂಪಲ್ಲಿ ಜೋರಿರೋ ಕೋಳಿ ಮೇಲೆ, ಮೆತ್ತಗಿರೋದು ಕೆಳಗೆ. ಹಾಗಾಗಿ ಗೂಡು ಮಾಡೋರು ನೆನಪಿಟ್ಕೋಬೇಕಾದ ಮೊದಲ ನಿಯಮ, ಅಡ್ಡಪಟ್ಟಿ ಯಾವತ್ತೂ ಮೊಟ್ಟೆ ಪೆಟ್ಟಿಗೆಗಿಂತ ಮೇಲಿರ್ಬೇಕು. ಇಷ್ಟು ಸಣ್ಣ ವಿಷಯ ತಪ್ಪಿಸ್ಕೊಂಡಿದಾರಲ್ಲ ಅಂತ ನಿಜವಾಗ್ಲೂ ಬೇಜಾರಾಯ್ತು, ಏಳು ಎಂಟು ಇಂಚು ಮೇಲೆ ತೂತು ಕೊರೆದಿದ್ರೆ ಮುಗೀತಿತ್ತು.

ಮೊಟ್ಟೆ ಪೆಟ್ಟಿಗೆಯಲ್ಲಿ ಮಲಗಿದ್ರೆ ಏನೀಗ ಅಂತ ಕೆಲವರು ಕೇಳ್ತಾರೆ. ರಾತ್ರಿಯ ಹಿಕ್ಕೆ ಎಲ್ಲಾ ಅಲ್ಲೇ ಬೀಳತ್ತೆ, ಬೆಳಿಗ್ಗೆ ಅದರ ಮೇಲೇ ಮೊಟ್ಟೆ ಇಡ್ತವೆ, ಮೊಟ್ಟೆ ಕೊಳಕಾಗತ್ತೆ, ಹುಲ್ಲು ಒದ್ದೆ ಆಗತ್ತೆ, ಹಸಿ ಹಿಕ್ಕೆ ಮೇಲೆ ರಾತ್ರಿಯಿಡೀ ಮೂಗಿಟ್ಟು ಮಲಗಿರೋ ಕೋಳಿಗೆ ಉಸಿರಾಟದ ತೊಂದ್ರೆ ಬರತ್ತೆ. ಜೊತೆಗೆ ಒಂದರ ಮೇಲೊಂದು ಒತ್ತಿ ಮಲಗೋದ್ರಿಂದ ಕೆಳಗೆ ಸಿಕ್ಕಿದ್ದಕ್ಕೆ ಸೆಕೆ, ಹಿಂಸೆ.

ಇನ್ನು ಎಂಟು ಕೋಳಿ ಅನ್ನೋ ಲೆಕ್ಕ. ಯುರೋಪಿಯನ್ ಯೂನಿಯನ್ 1999ರಲ್ಲಿ ಮೊಟ್ಟೆ ಕೋಳಿಗಳಿಗೆ ಅಂತ ಒಂದು ನಿರ್ದೇಶನ ತಂತು, ಪಂಜರ ಇಲ್ಲದೆ ಸಾಕೋ ಕಡೆ ಒಂದು ಕೋಳಿಗೆ ಕಮ್ಮಿ ಅಂದ್ರೂ 15 ಸೆಂ.ಮೀ. ಅಡ್ಡಪಟ್ಟಿ ಇರ್ಬೇಕು, ಪಟ್ಟಿಗೆ ಚೂಪು ಅಂಚು ಇರ್ಬಾರ್ದು, ಪಟ್ಟಿಯಿಂದ ಪಟ್ಟಿಗೆ 30 ಸೆಂ.ಮೀ., ಪಟ್ಟಿಯಿಂದ ಗೋಡೆಗೆ 20 ಸೆಂ.ಮೀ. ಅಂತರ ಇರ್ಬೇಕು ಅನ್ನತ್ತೆ. ಇದು ದೊಡ್ಡ ಫಾರ್ಮಿಗೆ ಇಟ್ಟ ಕನಿಷ್ಠ ಲೆಕ್ಕ, ಮನೆಯಲ್ಲಿ ಸಾಕೋರು 20ರಿಂದ 30 ಸೆಂ.ಮೀ. ಕೊಟ್ರೇ ಕೋಳಿ ಆರಾಮಾಗಿ ಕೂರತ್ತೆ. ಈಗ ಈ ಗೂಡಿಗೆ ಹಾಕಿ ನೋಡಿ, ಒಂದೇ ಮಟ್ಟದಲ್ಲಿ ಎರಡು ಪಟ್ಟಿ ಹಾಕ್ಬೇಕಾದ್ರೆ 20, 30, 20, ಒಟ್ಟು 70 ಸೆಂ.ಮೀ. ಅಗಲ ಬೇಕು, ಇಲ್ಲಿರೋದು 60. ಅದಕ್ಕೇ ಹಿಂದಿನ ಪೈಪಲ್ಲಿ ಕೂತ ಕೋಳಿ ಬಾಲ ಗೋಡೆಗೆ ಉಜ್ಜತ್ತೆ, ಮುಂದಿನದು ತಿರುಗಿದ್ರೆ ಹಿಂದಿನದಕ್ಕೆ ತಾಗತ್ತೆ, ಕುಕ್ಕಾಟ ಶುರು. ಸರಿಯಾಗಿ ಒಂದೇ ಪಟ್ಟಿ ಹಿಡಿಯೋದು, ಅದ್ರಲ್ಲಿ ಕನಿಷ್ಠ ಲೆಕ್ಕದಲ್ಲಿ ಆರು, ಆರಾಮ ಲೆಕ್ಕದಲ್ಲಿ ನಾಲ್ಕು ಕೋಳಿ. ಎಂಟು ಅಂತ ಡಬ್ಬಿ ಮೇಲೆ ಹಾಕಿರೋದು ನೆಲದ ಜಾಗ ನೋಡಿ ಇರ್ಬೇಕು, ಮಲಗೋ ಜಾಗ ನೋಡಿ ಖಂಡಿತಾ ಅಲ್ಲ. ಯಾವುದೇ ಗೂಡು ತಗೊಳ್ಳೋ ಮುಂಚೆ ಎಷ್ಟು ಕೋಳಿಗೆ ಅನ್ನೋ ಸಾಲು ಬಿಟ್ಟು ಅಡ್ಡಪಟ್ಟಿ ಉದ್ದ ಎಷ್ಟು ಅಂತ ಕೇಳಿ, ಉತ್ತರ ಕೊಡಕ್ಕೆ ಆಗದೆ ಇದ್ರೆ ಮುಂದಿನ ಗೂಡು ನೋಡಿ.

ಪೈಪಿನದೇ ಇನ್ನೊಂದು ಸಮಸ್ಯೆ, ಅದು ಎರಡೂ ತುದಿಯ ಪ್ಲಾಸ್ಟಿಕ್ ಬಟ್ಟಲಲ್ಲಿ ಸುಮ್ನೆ ಕೂರತ್ತೆ, ಬಿಗಿ ಇಲ್ಲ, ಕೋಳಿ ಹಾರಿ ಕೂತ ಕೂಡ್ಲೇ ತಿರುಗತ್ತೆ. ಅಲ್ಲಾಡೋ ಜಾಗದಲ್ಲಿ ಕೋಳಿ ಎರಡನೇ ಸಲ ಕೂರಲ್ಲ. ಕಬ್ಬಿಣದ ಪೈಪೂ ಅಷ್ಟೇ, ಚಳಿಗಾಲದಲ್ಲಿ ತಣ್ಣಗೆ ಕೊರೆಯತ್ತೆ, ಕಾಲಿಗೆ ಹಿಡಿತ ಸಿಗಲ್ಲ. ಮರವೇ ಸರಿ. ನಾಲ್ಕರಿಂದ ಐದು ಸೆಂ.ಮೀ. ಅಗಲ, ಮೇಲಿನ ಅಂಚು ಗುಂಡಗೆ ಮಾಡಿದ ಮರದ ಪಟ್ಟಿ ಇದ್ರೆ ಬೆರಳು ಪೂರ್ತಿ ಸುತ್ತೋ ಗೋಜಿಲ್ಲದೆ ಪಾದ ಊರಿ ಕೂರತ್ತೆ. ತುಂಬಾ ಚಳಿ ಬೀಳೋ ಕಡೆ ಇದಕ್ಕಿಂತ ಅಗಲ, ಎಂಟೊಂಬತ್ತು ಸೆಂ.ಮೀ. ಚಪ್ಪಟೆ ಪಟ್ಟಿ ಹಾಕ್ತಾರೆ, ಆಗ ಕೋಳಿ ಹೊಟ್ಟೆಯ ಪುಕ್ಕ ಬೆರಳನ್ನೆಲ್ಲ ಮುಚ್ಚಿ ಬೆಚ್ಚಗಿಡತ್ತೆ, ಬೆರಳು ಹೆಪ್ಪುಗಟ್ಟಲ್ಲ. ತೆಳ್ಳಗಿನ ಗಟ್ಟಿ ಪೈಪಿನ ಮೇಲೆ ಕೂತ್ರೆ ಮೈ ಭಾರ ಎಲ್ಲಾ ಎದೆಮೂಳೆಯ ಸಣ್ಣ ಜಾಗದ ಮೇಲೇ ಬೀಳತ್ತೆ, ಕಾಲಕ್ರಮೇಣ ಮೂಳೆ ಡೊಂಕಾಗೋದೂ ಇದೆ.

ನಾನು ಏನು ಮಾಡ್ದೆ ಅಂದ್ರೆ, ಎರಡು ಪೈಪೂ ತೆಗೆದು ಒಂದು ರೀಪರ್ ಪಟ್ಟಿ ತಂದು ಒಳ ಉದ್ದಕ್ಕೆ ಕೊಯ್ಸಿ, ಅಂಚು ಸಿಬಿರು ಎಲ್ಲಾ ಹೋಗೋವರೆಗೂ ಸ್ಯಾಂಡ್ ಪೇಪರಲ್ಲಿ ಉಜ್ಜಿ, ಎರಡೂ ಬದಿ ಗೋಡೆಗೆ ಮೇಲ್ಗಡೆ ಬಾಯಿ ತೆರೆದಿರೋ ಮರದ ಬ್ರಾಕೆಟ್ ಹೊಡೆದು ಅದ್ರಲ್ಲಿ ಕೂರಿಸ್ದೆ, ಎತ್ತರ 45 ಸೆಂ.ಮೀ., ಮುಂದೆ ಹಿಂದೆ 30 ಸೆಂ.ಮೀ. ಬಿಟ್ಟು ಸರಿಯಾಗಿ ನಡುವೆ. ತಲೆ ಮೇಲೆ ಇನ್ನೂ 45 ಸೆಂ.ಮೀ. ಉಳಿಯತ್ತೆ, ಎದ್ದು ನಿಂತ್ರೂ ಚಾವಣಿಗೆ ತಾಗಲ್ಲ. ಪಟ್ಟಿಗೆ ಬಣ್ಣ ವಾರ್ನಿಷ್ ಏನೂ ಬೇಡ, ಜಾರತ್ತೆ. ಕೆಳಗಡೆ ಟ್ರೇ ಹೆಂಗೂ ಇದೆ, ಹಿಕ್ಕೆ ನೇರ ಅದಕ್ಕೇ ಬೀಳತ್ತೆ, ನೀರಿನ ಪಾತ್ರೆ ಮೇವಿನ ತಟ್ಟೆ ಮಾತ್ರ ಪಟ್ಟಿ ಕೆಳಗೆ ಇಡ್ಬೇಡಿ.

ಪಟ್ಟಿ ಹಾಕಿದ ಮಾತ್ರಕ್ಕೆ ಕೋಳಿ ಹೋಗಿ ಕೂರಲ್ಲ, ಒಂದ್ಸಲ ಮೊಟ್ಟೆ ಪೆಟ್ಟಿಗೆಯಲ್ಲಿ ಮಲಗಿ ರೂಢಿ ಆದ್ರೆ ಅಲ್ಲಿಗೇ ಹೋಗ್ತವೆ. ಮಧ್ಯಾಹ್ನ ಮೊಟ್ಟೆ ಎಲ್ಲಾ ತೆಗೆದಾದ್ಮೇಲೆ ಪೆಟ್ಟಿಗೆ ಬಾಯಿಗೆ ಒಂದು ಹಲಗೆ ಅಡ್ಡ ಇಡಿ. ಬೆಳಿಗ್ಗೆ ಮಾತ್ರ ಮರೀದೆ ಬೇಗ ತೆಗೀರಿ, ಬಹಳಷ್ಟು ಕೋಳಿ ಬೆಳಕು ಹರಿದ ಮೊದಲ ಕೆಲವು ಗಂಟೆಯಲ್ಲೇ ಮೊಟ್ಟೆ ಇಡೋದು, ಪೆಟ್ಟಿಗೆ ಮುಚ್ಚಿದ್ರೆ ಮೂಲೆಯಲ್ಲೆಲ್ಲೋ ಇಡೋ ಅಭ್ಯಾಸ ಬಿದ್ಬಿಡತ್ತೆ. ಸಂಜೆ ಪೂರ್ತಿ ಕತ್ತಲಾದ್ಮೇಲೆ ಹೋಗಿ, ನೆಲದಲ್ಲಿ ಮಲಗಿರೋದನ್ನ ಎರಡೂ ಕೈಲಿ ರೆಕ್ಕೆ ಸಮೇತ ಹಿಡಿದು ಎತ್ತಿ ಪಾದ ಪಟ್ಟಿಗೆ ತಾಗಿಸಿ, ಬೆರಳು ಹಿಡ್ಕೊಳ್ಳೋವರೆಗೂ ಹಾಗೇ ಹಿಡಿದಿರಿ, ಆಮೇಲೆ ಮೆಲ್ಲಗೆ ಕೈ ಬಿಡಿ. ಕತ್ತಲಲ್ಲಿ ಕೆಳಗೆ ನೆಗೆಯೋ ಧೈರ್ಯ ಅವಕ್ಕಿರಲ್ಲ, ಅಲ್ಲೇ ಉಳೀತವೆ. ಜೋರು ಟಾರ್ಚ್ ಬಿಟ್ರೆ ಎಚ್ಚರ ಆಗಿ ಇಳಿದು ಹೋಗ್ತವೆ, ಮಂದ ಬೆಳಕು ಸಾಕು. ದಿನಾ ಇದೇ ಮಾಡ್ಬೇಕು, ಬೇಸರ ಮಾಡ್ಕೋಬಾರ್ದು. ನಮ್ಮಲ್ಲಿ ಗುಂಪಿನ ಯಜಮಾನಿ ಒಂದು ಕರಿ ಹೇಂಟೆ, ಅದು ತಾನಾಗೇ ಪಟ್ಟಿ ಹತ್ತಕ್ಕೆ ಶುರು ಮಾಡಿದ್ಮೇಲೆ ಉಳಿದವು ಒಂದೊಂದೇ ಹಿಂದೆ ಹೋದ್ವು, ಈಗ ಸೂರ್ಯ ಮುಳುಗೋ ಹೊತ್ತಿಗೆ ಎಲ್ಲಾ ಸಾಲಾಗಿ ಮೇಲೆ ಕೂತಿರ್ತವೆ, ನೋಡೋಕೇ ಖುಷಿ. ಹೊಸ ಮರಿ ತರೋರಿಗೆ ಇನ್ನೂ ಸುಲಭ, ಮರಿ ಇರೋವಾಗ್ಲೇ ನೆಲದಿಂದ ಒಂದು ಗೇಣು ಎತ್ತರದಲ್ಲಿ ಸಣ್ಣ ಕೋಲು ಇಟ್ಬಿಡಿ, ಆಟ ಆಡ್ತಾ ಹತ್ತೋದು ಇಳಿಯೋದು ಕಲೀತವೆ, ಚಿಕ್ಕಂದಿನಿಂದ ಪಟ್ಟಿಯನ್ನೇ ನೋಡ್ದೆ ಬೆಳೆದ ಕೋಳಿಗೆ ದೊಡ್ಡದಾದ್ಮೇಲೆ ಆ ಜಿಗಿತದ ಅಂದಾಜು ಬರೋದು ನಿಧಾನ.

ಆದ್ರೆ ಎಲ್ಲಾ ಕೋಳಿನೂ ಮೇಲೆ ಹತ್ತಿಸ್ಬೇಡಿ. ಕಾವಿಗೆ ಕೂತ ಹೇಂಟೆಯನ್ನ ಎಬ್ಬಿಸ್ಬೇಡಿ. ಸಿಲ್ಕಿ ಕೋಳಿಗೆ ಹಾರೋ ಪುಕ್ಕ ಸರಿಯಾಗಿ ಇರಲ್ಲ, ಅವು ಕೆಳಗೇ ಗುಂಪಾಗಿ ಮಲಗೋದು ಸಹಜ, ಒಣ ಹಾಸು ಹಾಕಿ ಕೊಟ್ರೆ ಸಾಕು. ಬ್ರಹ್ಮ, ಕೊಚಿನ್ ಥರದ ಭಾರದ ಜಾತಿ, ಮಾಂಸದ ಬ್ರಾಯ್ಲರ್ ಇವಕ್ಕೆಲ್ಲ 30 ಸೆಂ.ಮೀ. ಮೇಲೆ ಹೋಗ್ಬೇಡಿ, ಹತ್ತೋದಕ್ಕಿಂತ ಇಳಿಯೋದೇ ಕಷ್ಟ, ದಿನಾ ಬೆಳಿಗ್ಗೆ ಗಟ್ಟಿ ನೆಲಕ್ಕೆ ಧೊಪ್ ಅಂತ ಬಿದ್ರೆ ಪಾದದ ತಳಕ್ಕೆ ಪೆಟ್ಟಾಗಿ, ಗಾಯದೊಳಗೆ ಕೀವು ತುಂಬಿ ಊದ್ಕೊಳ್ಳತ್ತೆ, ಬಂಬಲ್‌ಫುಟ್ ಅಂತಾರೆ, ವಾಸಿ ಮಾಡೋದು ದೊಡ್ಡ ತಲೆನೋವು. ಅವಕ್ಕೆ ಪಟ್ಟಿ ತಗ್ಗಿಸೋದಾದ್ರೆ ಮೊಟ್ಟೆ ಪೆಟ್ಟಿಗೆಯನ್ನೂ ಅದಕ್ಕಿಂತ ಕೆಳಗೆ ಇಳಿಸ್ಬೇಕು, ಈ ಗೂಡಲ್ಲಿ ಪೆಟ್ಟಿಗೆ ಫಿಕ್ಸ್ ಆಗಿರೋದ್ರಿಂದ ಅದು ಆಗಲ್ಲ, ಆದ್ರಿಂದ ಭಾರದ ಜಾತಿ ಸಾಕೋರು ಇದನ್ನ ತಗೊಳ್ಲೇಬೇಡಿ.

ಇಷ್ಟು ದಿನ ಚೆನ್ನಾಗಿ ಹತ್ತಿ ಮಲಗ್ತಿದ್ದ ಕೋಳಿಗಳು ಇದ್ದಕ್ಕಿದ್ದಂಗೆ ಗೂಡೊಳಗೆ ಹೋಗಕ್ಕೇ ಒಲ್ಲೆ ಅಂದ್ರೆ ಮೊದಲು ಹುಡುಕ್ಬೇಕಾದ್ದು ರೆಡ್ ಮೈಟ್. ಕಣ್ಣಿಗೆ ಕಂಡೂ ಕಾಣದ ಅಷ್ಟು ಸಣ್ಣ ಉಣ್ಣಿ, ಹಗಲು ಪಟ್ಟಿಯ ಸಂದಿಯಲ್ಲಿ, ತುದಿ ಗೋಡೆಗೆ ಸೇರೋ ಕಡೆ ಅಡಗಿರತ್ತೆ, ರಾತ್ರಿ ಹೊರಗೆ ಬಂದು ರಕ್ತ ಹೀರತ್ತೆ. ಕತ್ತಲಾದ್ಮೇಲೆ ಬಿಳಿ ಕಾಗದ ತಗೊಂಡು ಪಟ್ಟಿಯ ತಳಭಾಗ ಒರೆಸಿ, ಕೆಂಪು ಗೆರೆ ಮೂಡಿದ್ರೆ ಅದೇ. ಕಂಪನಿಯ ಆ ಪ್ಲಾಸ್ಟಿಕ್ ಬಟ್ಟಲು ಇದೆಯಲ್ಲ, ಅದರ ಹಿಂದೆ ಗೋಡೆಗೆ ಅಂಟದೆ ಸಣ್ಣ ಸಂದಿ ಉಳಿಯತ್ತೆ, ಮೈಟಿಗೆ ಅದಕ್ಕಿಂತ ಒಳ್ಳೇ ಮನೆ ಬೇಕಾ? ನಾನು ತೆರೆದ ಬ್ರಾಕೆಟ್ ಹಾಕಿದ್ದು ಇದಕ್ಕೇ, ಪಟ್ಟಿ ಎತ್ತಿದ್ರೆ ಕೈಗೆ ಬರತ್ತೆ, ಬಿಸಿಲಿಗಿಟ್ಟು ಕುದಿಯೋ ನೀರು ಹೊಯ್ದು ತುದಿ ಉಜ್ಜಿ ಮತ್ತೆ ಇಡಬಹುದು. ಮೈಟ್ ಊಟ ಇಲ್ದೇ ತಿಂಗಳುಗಟ್ಟಲೆ ಬದುಕತ್ತೆ, ಖಾಲಿ ಬಿಟ್ಟಿದ್ದ ಹಳೇ ಗೂಡು ಅಂತ ಧೈರ್ಯವಾಗಿ ಹೊಸ ಕೋಳಿ ಬಿಡ್ಬೇಡಿ. ಮೈಟ್ ಇಲ್ದೆ ಒಂದೇ ಒಂದು ಕೋಳಿ ಮಾತ್ರ ಕೆಳಗೆ ಕೂತ್ರೆ ಅದರ ಪಾದ ತಿರುಗಿಸಿ ನೋಡಿ, ಕಾಯಿಲೆ ಏನಾದ್ರೂ ಇದೆಯಾ ನೋಡಿ, ಪುಕ್ಕ ಉದುರಿಸೋ ಕಾಲ ಆಗಿದ್ರೆ ಹೊಸ ಪುಕ್ಕದ ಮೊಳಕೆ ನೋಯತ್ತೆ, ಪಕ್ಕದವರು ತಾಗ್ತಾರೆ ಅಂತ ದೂರ ಕೂರೋದೂ ಉಂಟು.

ಮಾರಿದವರಿಗೆ ಅಳತೆ ಸಮೇತ ಫೋಟೋ ಹಾಕಿ ಬರೆದಿದ್ದೆ. ನಿಧಾನಕ್ಕೆ ಅಭ್ಯಾಸ ಆಗತ್ತೆ ಅಂತ ಉತ್ತರ ಬಂತು, ಪಟ್ಟಿಯ ಎತ್ತರದ ಬಗ್ಗೆ ಒಂದು ಮಾತಿಲ್ಲ. ಅದು ಸರಿ ಅನ್ನಿಸ್ಲಿಲ್ಲ, ಕೋಳಿ ಹುಟ್ಟಿನಿಂದ ಬಂದ ಗುಣ ಬಿಡಲ್ಲ, ತೂತು ಬೇರೆ ಕಡೆ ಕೊರೆಯೋದು ಅವರ ಕೈಲೇ ಇದೆ. ಮುಂದಿನ ಮಾಡೆಲಲ್ಲಿ ಮರದ ಪಟ್ಟಿ, ಎತ್ತರ ಬದಲಾಯಿಸೋ ಹಾಗೆ ಮೂರು ನಾಲ್ಕು ಗುಳಿ, ಡಬ್ಬಿ ಮೇಲೆ ಎಂಟರ ಬದಲು ನಾಲ್ಕರಿಂದ ಆರು ಅಂತ ಹಾಕಿದ್ರೆ ನಾನೇ ಬಂದು 5 ಸ್ಟಾರ್ ಕೊಡ್ತೀನಿ. ಸದ್ಯಕ್ಕೆ ಗರಗಸ, ಸ್ಕ್ರೂಡ್ರೈವರ್ ಹಿಡಿಯೋ ಅಭ್ಯಾಸ ಇರೋರು, ನಾಲ್ಕೈದು ಹಗುರ ಜಾತಿ ಕೋಳಿ ಇರೋರು ತಗೊಳ್ಳಿ, ಗೂಡು ಜೋಡಿಸೋ ದಿನಾನೇ ಪಟ್ಟಿನೂ ಬದಲಾಯಿಸಿ, ಕೋಳಿ ಒಳಗೆ ಬಿಡೋ ಮುಂಚೆ.