ರ ಕರಗಿ ಠ ಆಗಬೇಕು: ಆಫ್ಟರ್ ಇಫೆಕ್ಟ್ಸ್, ಬ್ಲೆಂಡರ್, ಮ್ಯಾನಿಮ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೋಡ್ ಬರೆದು ಅನಿಮೇಷನ್ ಮಾಡಿಸುವ ಮ್ಯಾನಿಮ್‌ಗೆ. ಮಕ್ಕಳಿಗೆ ಅಕ್ಷರಮಾಲೆಯ ವಿಡಿಯೊ ಮಾಡಬೇಕಿತ್ತು. ಒಂದು ಅಕ್ಷರ ಮಾಯವಾಗಿ ಇನ್ನೊಂದು ಬರುವುದಲ್ಲ, ಅದೇ ಗೆರೆ ಬಳುಕಿ ಮುಂದಿನ ಅಕ್ಷರ ಆಗಬೇಕು. ಇದಕ್ಕೆಂದೇ ಒಂದು ರೆಡಿಮೇಡ್ ಟೆಂಪ್ಲೇಟಿಗೆ ದುಡ್ಡು ಕೊಟ್ಟೆ. ತೆರೆದು ನೋಡಿದರೆ ಇಂಗ್ಲಿಷ್ ಅಕ್ಷರಗಳನ್ನು ಮೊದಲೇ ಅನಿಮೇಟ್ ಮಾಡಿಟ್ಟಿದ್ದಾರೆ, ಕನ್ನಡ ಹಾಕಲು ಜಾಗವೇ ಇಲ್ಲ. ದುಡ್ಡು ವಾಪಸ್ ಬರಲಿಲ್ಲ. ಸರಿ, ನಾನೇ ಮಾಡಿಕೊಳ್ಳೋಣ ಅಂತ ಮೂರು ಸಾಫ್ಟ್‌ವೇರ್ ಹಿಡಿದು ಕೂತೆ.

ಅಡೋಬಿಯ ಅನಿಮೇಷನ್ ಸಾಫ್ಟ್‌ವೇರ್ ಆಫ್ಟರ್ ಇಫೆಕ್ಟ್ಸ್‌ನಲ್ಲಿ ದಾರಿ ಸುಲಭ ಅನ್ನಿಸುತ್ತದೆ. ಟೆಕ್ಸ್ಟ್ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಕ್ರಿಯೇಟ್ ಶೇಪ್ಸ್ ಫ್ರಮ್ ಟೆಕ್ಸ್ಟ್' ಕೊಡಿ, ಆಮೇಲೆ ಒಂದು ಅಕ್ಷರದ ಪಾತ್ (ಅಂಚಿನ ಗೆರೆ) ಕಾಪಿ ಮಾಡಿ ಇನ್ನೊಂದರ ಕೀಫ್ರೇಮಿಗೆ (ಯಾವ ಹೊತ್ತಿಗೆ ಯಾವ ಆಕಾರ ಎಂಬ ಗುರುತಿಗೆ) ಪೇಸ್ಟ್ ಮಾಡಿ. ಪ್ಲೇ ಒತ್ತಿದ್ದೇ ತಡ, ನನ್ನ ರ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಠ ಆಯಿತು.

ಇದಕ್ಕೆಲ್ಲ ಕಾರಣ ಫಸ್ಟ್ ವರ್ಟೆಕ್ಸ್. ಪ್ರತಿ ಗೆರೆಗೂ ಒಂದು ಶುರುವಿನ ಬಿಂದು ಇರುತ್ತದೆ. ರ ದಲ್ಲಿ ಅದು ತಲೆಕಟ್ಟಿನ ಹತ್ತಿರವಿದ್ದು ಠ ದಲ್ಲಿ ಬುಡದಲ್ಲಿದ್ದರೆ, ಮೇಲಿನ ಬಿಂದು ಕೆಳಕ್ಕೆ ಹೊರಡುತ್ತದೆ, ಉಳಿದವೂ ಅದರ ಬೆನ್ನಿಗೆ ಸುತ್ತು ಹಾಕುತ್ತವೆ. ಸರಿಯಾದ ಬಿಂದುವನ್ನು ಆರಿಸಿ 'ಸೆಟ್ ಫಸ್ಟ್ ವರ್ಟೆಕ್ಸ್' ಕೊಟ್ಟರೆ ತಿರುಚು ಬಿಡುತ್ತದೆ, ಆದರೆ ಆ ಒಂದು ಗೆರೆಗೆ ಮಾತ್ರ. ನನ್ನ ಫಾಂಟಿನಲ್ಲಿ ರ ಗೆ ಹೊರಗೊಂದು ಗೆರೆ, ಒಳಗೊಂದು ಗೆರೆ. ಠ ಗೆ ನಡುವಿನ ಚುಕ್ಕೆಯೂ ಸೇರಿ ಮೂರು. ಆ ಚುಕ್ಕೆಗೆ ರ ದಲ್ಲಿ ಜೋಡಿಯೇ ಇಲ್ಲ. ಹಾಗಾಗಿ ರ ಒಳಗೆ ಕೈಯಾರೆ ಇನ್ನೊಂದು ಪಾತ್ ಸೇರಿಸಿ, ಕಣ್ಣಿಗೆ ಕಾಣದಷ್ಟು ಕುಗ್ಗಿಸಿ ಇಡಬೇಕು. ತವರ್ಗಕ್ಕೆ ಬಂದರೆ ಇನ್ನೂ ಚೆನ್ನಾಗಿದೆ: ಥ ದಲ್ಲಿ ಬಂದ ಚುಕ್ಕೆ ದ ದಲ್ಲಿ ಹೋಗಬೇಕು, ಧ ದಲ್ಲಿ ಬುಡಕ್ಕೆ ಸೀಳು ಬರಬೇಕು. 25 ವರ್ಗೀಯ ವ್ಯಂಜನಗಳಿಗೂ ಹೀಗೇ ಕೂತು ಮಾಡುವ ತಾಳ್ಮೆ ನನಗಿಲ್ಲ. ಹಳೇ ಅನಿಮೇಷನ್ ಸಾಫ್ಟ್‌ವೇರ್ ಫ್ಲ್ಯಾಶ್‌ನಲ್ಲಿ ಶೇಪ್ ಹಿಂಟ್ ಅಂತ ಇತ್ತು, 26 ಗುರುತುಗಳವರೆಗೆ ಇಟ್ಟು ಈ ಮೂಲೆ ಆ ಮೂಲೆಗೆ ಹೋಗಲಿ ಅಂತ ಹೇಳಬಹುದಿತ್ತು. ಅದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ನುಡಿಯ ಆಸ್ಕಿ ಫಾಂಟ್ ಬಳಸುವವರಿಗೆ ಇನ್ನೂ ಒಂದು ತಲೆನೋವು. ಅಲ್ಲಿ ಗುಣಿತ, ಒತ್ತು ಎಲ್ಲ ಬಿಡಿ ತುಂಡುಗಳು, ಶೇಪ್ ಮಾಡಿದ ಮೇಲೆ ಕೊಂಬು ಒಂದು ಕಡೆ, ಅಕ್ಷರ ಒಂದು ಕಡೆ. ಯೂನಿಕೋಡ್ ಫಾಂಟ್ ಹಾಕಿ, ಆಫ್ಟರ್ ಇಫೆಕ್ಟ್ಸ್‌ನ ಪ್ರಿಫರೆನ್ಸಸ್‌ನಲ್ಲಿ ಟೈಪ್ ವಿಭಾಗದಲ್ಲಿ ಸೌತ್ ಏಷ್ಯನ್ ಎಂಜಿನ್ ಆರಿಸಿಕೊಳ್ಳಿ.

ಬ್ಲೆಂಡರ್ ಉಚಿತ, ಥ್ರೀಡಿ ಅಕ್ಷರಕ್ಕೆ ಅದನ್ನು ಮೀರಿಸಿದ್ದಿಲ್ಲ. ಆದರೆ ಅದರ ಟೆಕ್ಸ್ಟಿಗೆ ಒತ್ತಕ್ಷರ ಕೂರಿಸಲು ಬರುವುದಿಲ್ಲ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ, ಪಾತ್ ಮಾಡಿ, ಎಸ್‌ವಿಜಿ (ಗೆರೆಗಳ ಚಿತ್ರದ ಫೈಲ್) ಆಗಿ ತರಬೇಕು. ಒಂದು ಆಕಾರವನ್ನು ಇನ್ನೊಂದಾಗಿಸುವ ಶೇಪ್ ಕೀಗೆ ಎರಡೂ ಅಕ್ಷರದಲ್ಲಿ ಸರಿಸಮ ಬಿಂದುಗಳಿರಬೇಕು, ಇಲ್ಲದಿದ್ದರೆ ಕೆಲಸವೇ ಆಗುವುದಿಲ್ಲ. ನಾನು ಅಲ್ಲಿಗೇ ಕೈಬಿಟ್ಟೆ.

ಮ್ಯಾನಿಮ್ ಅಂದರೆ ಗ್ರಾಂಟ್ ಸ್ಯಾಂಡರ್ಸನ್ ತಮ್ಮ ಗಣಿತದ ವಿಡಿಯೊಗಳಿಗಾಗಿ ಬರೆದುಕೊಂಡ ಪೈಥಾನ್ ಲೈಬ್ರರಿ. 2020ರಲ್ಲಿ ಶುರುವಾದ ಕಮ್ಯೂನಿಟಿ ಆವೃತ್ತಿಯನ್ನು ನಾನು ಬಳಸುತ್ತೇನೆ. ಅಕ್ಷರ ಜೋಡಿಸುವ ಕೆಲಸ ಪ್ಯಾಂಗೊ ಎಂಬ ಇನ್ನೊಂದು ಲೈಬ್ರರಿ ನೋಡಿಕೊಳ್ಳುತ್ತದೆ, ಅದಕ್ಕೇ ಒತ್ತು, ಗುಣಿತ ಸರಿಯಾಗಿ ಕೂರುತ್ತವೆ. ಬಿಂದು ಕಡಿಮೆ ಬಿದ್ದರೆ ತಾನೇ ಸೇರಿಸಿಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮ್ ಅಂತ ಒಂದು ಸಾಲು ಬರೆದರೆ ಸಾಕು, ಠ ದ ಚುಕ್ಕೆ ರ ದ ಕೊನೆಯ ಗೆರೆ ಮುಗಿಯುವ ಜಾಗದಲ್ಲಿ ಹುಟ್ಟಿ, ಜಾರಿಕೊಂಡು ನಡುವಿಗೆ ಬಂದು ದುಂಡಗಾಗುತ್ತದೆ. ನಾನು ಹೇಳಿಕೊಟ್ಟಿದ್ದೇನೂ ಇಲ್ಲ! ಪದಗಳಿಗೆ 'ಟ್ರಾನ್ಸ್‌ಫಾರ್ಮ್ ಮ್ಯಾಚಿಂಗ್ ಶೇಪ್ಸ್' ಇದೆ. 'ಕನಸು' ಕೊಟ್ಟು 'ನಸುಕು' ಮಾಡು ಅಂದರೆ, ಎರಡರಲ್ಲೂ ಇರುವ 'ನಸು' ಸುಮ್ನೆ ಎಡಕ್ಕೆ ಜರುಗುತ್ತದೆ.

ಇಲ್ಲೂ ತಿರುಚುವುದುಂಟು. ಶುರುವಿನ ಬಿಂದು ಬದಲಿಸಲು ಮೌಸಿನಿಂದ ಆಗುವುದಿಲ್ಲ, ಟೈಮ್‌ಲೈನ್ ಇಲ್ಲ, ಏನು ಬದಲಿಸಿದರೂ ಮತ್ತೆ ರೆಂಡರ್ ಮಾಡಿಯೇ (ವಿಡಿಯೊ ತಯಾರಿಸಿಯೇ) ನೋಡಬೇಕು. ನಾನು 480ಪಿ, ಸೆಕೆಂಡಿಗೆ 15 ಫ್ರೇಮಿನಲ್ಲಿ ನೋಡಿಕೊಂಡು, ಎಲ್ಲ ಸರಿ ಅನ್ನಿಸಿದ ಮೇಲೆ 1080ಪಿಗೆ ಹೋಗುತ್ತೇನೆ. ಹಿನ್ನೆಲೆ ಇಲ್ಲದ ವಿಡಿಯೊ ಕೂಡ ತೆಗೆಯಬಹುದು, ಎಡಿಟಿಂಗ್‌ಗೆ ಅನುಕೂಲ.

ನನಗೆ ಇದು ಒಗ್ಗಿದ್ದು ದಿನವಿಡೀ ಕೋಡ್ ಬರೆಯುವ ಅಭ್ಯಾಸದಿಂದ, ಜೊತೆಗೆ ಟೆಂಪ್ಲೇಟಿಗೆ ದುಡ್ಡು ಹೋದ ಮೇಲೆ ಜೇಬೂ ಖಾಲಿ. ಅಕ್ಷರಗಳ ಪಟ್ಟಿ ಕೊಟ್ಟು ಒಂದು ಲೂಪ್ ಹಾಕಿದ್ದೇನೆ. ಫಾಂಟ್ ದಪ್ಪಗಿರಲಿ ಅನ್ನಿಸಿದರೆ ಒಂದು ಹೆಸರು ಬದಲಿಸಿ ಮತ್ತೆ ರೆಂಡರ್‌ಗೆ ಬಿಟ್ಟು ಊಟಕ್ಕೆ ಏಳುತ್ತೇನೆ. ಆಫ್ಟರ್ ಇಫೆಕ್ಟ್ಸ್‌ನಲ್ಲಿ ಫಾಂಟ್ ಬದಲಿಸುವುದು ಅಂದರೆ ಅಷ್ಟೂ ಬಿಂದುಗಳನ್ನು ಮೊದಲಿಂದ ಹುಡುಕುವುದು ಅಂತಲೇ ಅರ್ಥ, ಅಲ್ವಾ? ಆದರೂ ಅದರ ಚಂದಾ ಹೇಗೂ ಕಟ್ಟುತ್ತಿದ್ದೀರಿ, ಬೇಕಿರುವುದು ಒಂದೇ ಒಂದು ಲೋಗೊ ಅಂದರೆ ಅಲ್ಲೇ ಮಾಡಿ ಮುಗಿಸಿ. ಒಂದು ಲೋಗೊಗಾಗಿ ಪೈಥಾನ್ ಕಲಿಯಲು ಹೋಗಬೇಡಿ.