ಕೆಂಗಣ್ಣೋ, ಕರಿಗುಡ್ಡೆಯ ಹುಣ್ಣೋ? ತೋಟದ ಕೆಲಸದವರು ಗುರುತಿಸುವುದು ಹೇಗೆ

ಎರಡರಲ್ಲೂ ಕಣ್ಣು ಕೆಂಪಾಗುತ್ತದೆ. ಆದರೆ ಒಂದು ಮನೆಯಲ್ಲೇ ವಾಸಿಯಾಗಬಹುದು, ಇನ್ನೊಂದು ದೃಷ್ಟಿಯನ್ನೇ ಕಸಿಯಬಹುದು.

ಕೆಂಗಣ್ಣು, ಅಂದರೆ ಮದ್ರಾಸ್ ಐ, ಹೆಚ್ಚಾಗಿ ವೈರಸ್‌ನಿಂದ ಬರುತ್ತದೆ. ಒಂದು ಕಣ್ಣಿನಲ್ಲಿ ಶುರುವಾಗಿ ಇನ್ನೊಂದಕ್ಕೆ ಹರಡುತ್ತದೆ. ನೀರು ಸುರಿಯುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ, ದೃಷ್ಟಿ ಮಾತ್ರ ಸಾಮಾನ್ಯವಾಗಿ ಸರಿಯಿರುತ್ತದೆ. ಸಾಮಾನ್ಯವಾಗಿ 1–2 ವಾರದಲ್ಲಿ ಇಳಿಯುತ್ತದೆ, ಆ್ಯಂಟಿಬಯೋಟಿಕ್ ಹನಿಯಿಂದ ಪ್ರಯೋಜನವಿಲ್ಲ. ತಣ್ಣನೆಯ ಒದ್ದೆಬಟ್ಟೆ ಇಡಿ, ಟವೆಲು, ದಿಂಬು ಬೇರೆ ಮಾಡಿ. ತೋಟದ ಕೆಲಸದವರು ಒತ್ತಾಗಿ ಇರುವ ಲೈನ್‌ಮನೆಗಳಲ್ಲಿ ಇದು ಬಹಳ ಮುಖ್ಯ. ದಪ್ಪ ಹಳದಿ ಪಿಸುರಿನಿಂದ ರೆಪ್ಪೆ ಅಂಟಿಕೊಂಡರೆ ಬ್ಯಾಕ್ಟೀರಿಯಾ ಇರಬಹುದು. ವೈದ್ಯರು ಬರೆದ ಹನಿ ಬೇಕು.

ಕರಿಗುಡ್ಡೆಯ (ಕಾರ್ನಿಯಾ, ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಹುಣ್ಣು ಹಾಗಲ್ಲ. ಕಾಫಿ ಕೊಯ್ಯುವಾಗ, ಮರ ಕಪಾತು ಮಾಡುವಾಗ ರೆಂಬೆ ಅಥವಾ ಎಲೆ ತಾಗಿ ಗೀರಾದರೆ ಅಲ್ಲಿ ಶಿಲೀಂಧ್ರ ಬೇರೂರಬಹುದು. ಸಾಮಾನ್ಯವಾಗಿ ಒಂದೇ ಕಣ್ಣು, ಹೆಚ್ಚಾಗಿ ತೀವ್ರ ನೋವು; ಬೆಳಕು ನೋಡಲಾಗದು, ಮಂಜು, ಕೆಲವೊಮ್ಮೆ ಬಿಳಿ ಚುಕ್ಕೆ. ಗಾಯದ ಬಳಿಕ ಕೆಲವು ದಿನ ತಡವಾಗಿಯೂ ಕಾಣಿಸಬಹುದು. ದಯವಿಟ್ಟು ಕಾಯಬೇಡಿ: ಅದೇ ದಿನ ಮಡಿಕೇರಿಗೋ ಮೈಸೂರಿಗೋ, ಕಣ್ಣಿನ ತಜ್ಞರಿರುವಲ್ಲಿಗೆ ಹೋಗಿ.

ಯಾವುದೆಂದು ತಿಳಿಯದೆ ಅಂಗಡಿಯ ಹನಿ ಹಾಕಬೇಡಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್‌ನಂಥ ಸ್ಟೆರಾಯ್ಡ್ ಇದ್ದರೆ ಕೆಂಪು ಇಳಿದಂತೆ ಕಂಡರೂ ಒಳಗೆ ಶಿಲೀಂಧ್ರ ಹಬ್ಬುತ್ತದೆ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸವೂ ಬೇಡ.